ಕೆಜಾಯಾ ಪ್ರುಯೆಟ್ ಗೆದ್ದ ಗೇಟು

ಅಮೆರಿಕದ ಇಲಿನಾಯ್ ಸೀಮೆಯ ಒಂದು ಊರಿನಲ್ಲಿ ಕೆಜಾಯಾ ಪ್ರುಯೆಟ್ ಅಂದರೆ ಜಗಳಗಂಟಿ ಎಂದೇ ಹೆಸರು. ಪಾಪ, ಆಕೆ ಹುಟ್ಟಿನಿಂದ ಹಾಗಿರಲಿಲ್ಲ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೂ ಹದಿನಾಲ್ಕು ಹಸು ಸಾಕಿ, ಬೆಣ್ಣೆ ಕಡೆದು, ಯಾರ ಗೊಡವೆಗೂ ಹೋಗದೆ ಬದುಕಿದವಳು. 1879ರಲ್ಲಿ ರೈಲು ಕಂಪನಿಯವರು ಅವಳ ಹೊಲದ ನಟ್ಟನಡುವೆ ಹಳಿ ಹಾಸಿ, ಎರಡೂ ಬದಿಗೆ ಬೇಲಿ ಬಿಗಿದರು. ಮನೆ ಈಚೆ, ಹಳ್ಳ ಆಚೆ. ನೀರು ಕುಡಿಸಬೇಕೆಂದರೆ ರೈಲು ಸೇತುವೆಯ ಕೆಳಗೆ ಹಾದು ಮೂರು ಮೈಲಿ ಸುತ್ತು. ಬೇಲಿಗೊಂದು ಗೇಟು ಇಡಿ ಎಂದು ಕೇಳಿದ್ದಷ್ಟೇ ಆಕೆಯ ತಪ್ಪು.

ಕಂಪನಿ ಒಲ್ಲೆ ಎಂದಾಗ ಆಕೆ ದಾವೆ ಹೂಡಿದಳು. ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟಿನ ಜೂರಿಯಲ್ಲಿ ಕೂತಿದ್ದವರೆಲ್ಲ ಹಸು ಸಾಕಿದವರೇ. ಗೇಟು ಕೊಡಲೇಬೇಕು ಎಂದು ಅರ್ಧ ಗಂಟೆಯಲ್ಲಿ ಹೇಳಿ ಎದ್ದರು. ಕಂಪನಿ ರಾಜ್ಯದ ಹೈಕೋರ್ಟಿಗೆ ಮೇಲ್ಮನವಿ ಹಾಕಿತು. ಇಷ್ಟು ಸಣ್ಣ ವ್ಯಾಜ್ಯ ಕೇಳುವ ಅಧಿಕಾರ ಹೈಕೋರ್ಟಿಗೆ ಇದೆಯೋ ಇಲ್ಲವೋ ಎಂಬ ವಾದ ಶುರುವಾಯಿತು. ಆರು ವರ್ಷ ಅದೊಂದೇ ವಾದ.

“ಹಸು ವಿಚಾರ ಏನಂದ್ರು?” ಎಂದು ಕೆಜಾಯಾ ಪ್ರತಿ ಸಲ ಕೇಳುವಳು.

“ಹಸು ಹತ್ರ ಇನ್ನೂ ಬಂದೇ ಇಲ್ಲಮ್ಮ,” ಎನ್ನುವನು ಅವಳ ವಕೀಲ ಸ್ಟ್ರೌಡ್. “ಯಾರು ಕೇಳ್ಬೇಕು ಅನ್ನೋದೇ ಇನ್ನೂ ಮುಗ್ದಿಲ್ಲ. ಅಲ್ಲೀವರ್ಗೂ ಒಂದು ಹಸುನೂ ಬೇಲಿ ನುಗ್ಗಿ ಹಳಿ ತುಳೀಬಾರ್ದು. ತುಳಿದ್ರೆ, ಹೇಗೂ ದಾಟ್ತಾವಲ್ಲ, ಗೇಟ್ಯಾಕೆ ಅಂತಾರೆ.”

“ಹಸುಗೆ ಈ ಕಾನೂನು ನೀವೇ ಬಂದು ಹೇಳಿ.”

ಹೇಳಿದ್ದು ಕೆಜಾಯಾಳೇ. ಕೊರಳಿಗೆ ಗಂಟೆ ಕಟ್ಟಿದ, ಡಚೆಸ್ ಎಂಬ ಹಿರಿಯ ಹಸು ಎತ್ತ ಹೋದರೆ ಉಳಿದವೂ ಅತ್ತಲೇ. ನೀರಿನ ವಾಸನೆಗೆ ಅದು ಬೇಲಿಯತ್ತ ತಿರುಗಿದಾಗಲೆಲ್ಲ ಮೂಗಿನ ಮೇಲೊಂದು ಕೋಲಿನೇಟು. ಧಗೆಯಲ್ಲೂ ಹಿಮದಲ್ಲೂ ಮೂರು ಮೈಲಿ ನಡೆದು ಕೆಜಾಯಾಳ ಮಂಡಿಗಳು ಸವೆದುಹೋದವು.

ಆರನೆಯ ವಸಂತದಲ್ಲಿ ಸ್ಟ್ರೌಡ್ ಕುದುರೆಗಾಡಿಯಲ್ಲಿ ಬಂದ. “ಗೆದ್ವಿ. ಈ ಕೇಸು ಕೇಳೋ ಅಧಿಕಾರ ತಮಗಿಲ್ಲ ಅಂತ ಹೈಕೋರ್ಟು ಹೇಳ್ತು. ಜೂರಿ ತೀರ್ಪೇ ಕೊನೆ.”

“ಇಲ್ಲ ಅನ್ನೋಕೆ ಆರು ವರ್ಷ ಬೇಕಾಯ್ತಾ?”

“ಅದನ್ನ ಹೇಳೋ ಅಧಿಕಾರ ಮಾತ್ರ ಅವರಿಗಿತ್ತಮ್ಮ.”

ಕಂಪನಿ ಗೊಣಗುತ್ತಲೇ ಗೇಟು ಕೂರಿಸಿತು. ಅಂದು ಸ್ಟ್ರೌಡನೂ ನೋಡಲು ಬಂದಿದ್ದ. ಕೆಜಾಯಾ ಗೇಟು ತೆರೆದಳು. ಡಚೆಸ್ ಅಲ್ಲಿಯವರೆಗೆ ಬಂದು ನಾಲ್ಕೂ ಕಾಲೂರಿ ನಿಂತುಬಿಟ್ಟಿತು. ಎಳೆದರು, ನೂಕಿದರು, ಸೇಬು ತೋರಿಸಿದರು. ಊಹೂಂ. ಕೊನೆಗೆ ಕೆಜಾಯಾ ಅದರ ಗಂಟೆ ಬಿಚ್ಚಿಕೊಂಡು, ತಾನೇ ಬಾರಿಸುತ್ತ ಹಳಿ ದಾಟಿ ತಿರುಗಿ ನೋಡಿದಳು. ಡಚೆಸ್ ಮುಖ ತಿರುಗಿಸಿ ಹಳೆಯ ದಾರಿ ಹಿಡಿದಿತ್ತು, ಹಿಂದೆ ಹದಿಮೂರೂ.

“ಇವಳ ಮೇಲೆ ಯಾವ ಕೋರ್ಟಿಗೆ ಹೋಗೋಣ ಹೇಳಿ, ವಕೀಲರೇ.”

ಸ್ಟ್ರೌಡ್ ಕೈಯಲ್ಲಿ ಟೋಪಿ ತಿರುಗಿಸುತ್ತ ನಿಂತ. ಅವಳಿಗೆ ಅಳು ಬಂದೇಬಿಟ್ಟಿತು. ಮೂಗು ಒರೆಸಿಕೊಂಡು ಈಚೆ ಬಂದಳು, ಗೇಟು ಮುಚ್ಚಿದಳು, ಗಂಟೆಯನ್ನು ಕೈಯಲ್ಲೇ ಹಿಡಿದು ಹಸುಗಳ ಹಿಂದೆ ಮೂರು ಮೈಲಿಯ ದಾರಿಗೆ ಹೊರಟಳು.