ಫ್ರೆಂಚ್ ಟೀಚರ ಲೋಟ

ಲೋಟದ ಅಂಚಿನಲ್ಲಿ ಒಂದು ಕಡೆ ಅಕ್ಕಿಕಾಳಿನಷ್ಟು ಗಾಜು ಹಾರಿಹೋಗಿತ್ತು. ಕಾಫಿ ಕೈಗೆ ಬಂದ ಕೂಡಲೇ ಅವರು ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿ ಆ ಜಾಗವನ್ನು ಹುಡುಕುತ್ತಿದ್ದರು. ಅದನ್ನು ಆಚೆಗೆ ತಿರುಗಿಸಿಕೊಂಡು ಈಚೆಯಿಂದ ಕುಡಿಯುತ್ತಿದ್ದರು. ಲೋಟದತ್ತ ನೋಡುತ್ತಲೂ ಇರಲಿಲ್ಲ, ಪಾಠವೂ ನಿಲ್ಲುತ್ತಿರಲಿಲ್ಲ.

ಅವರು ನನ್ನ ಫ್ರೆಂಚ್ ಟೀಚರು. ಪಾಂಡಿಚೇರಿಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದವರು. ಗಂಡ ತೀರಿಕೊಂಡ ಮೇಲೆ ಜಾಲಹಳ್ಳಿಗೆ, ಹೊಸ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಮಗನ ಕ್ವಾರ್ಟರ್ಸಿಗೆ ಬಂದಿದ್ದರು. ಆ ಕಾರ್ಖಾನೆಗೆ ಫ್ರಾನ್ಸಿನಿಂದ ಯಂತ್ರಗಳು ಬರುತ್ತಿದ್ದವು, ಜೊತೆಗೆ ಪೆಟ್ಟಿಗೆಗಟ್ಟಲೆ ಕಾಗದ. ಅದನ್ನೆಲ್ಲ ಇಂಗ್ಲಿಷಿಗೆ ತರಲು ಜನ ಬೇಕಂತೆ ಎಂದು ಅಪ್ಪ ಕೇಳಿಕೊಂಡು ಬಂದರು. ನಾನು ಬಿ.ಎ. ಮುಗಿಸಿ ಯಲಹಂಕದ ಮನೆಯಲ್ಲಿ ಕೂತಿದ್ದೆ. ಹಾಗೇ ಕೂತಿದ್ದರೆ ಮುಂದಿನ ಬೇಸಿಗೆಗೆ ನನ್ನ ಮದುವೆಯಾಗುತ್ತಿತ್ತು.

"ಕಲೀಲಿ ಬಿಡು. ಆದ್ರೆ ಇವ್ಳು ಅಲ್ಲಿಗೋಗೋದು ಬ್ಯಾಡ, ಆವಮ್ಮನೇ ಇಲ್ಲಿಗ್ ಬರ್ಲಿ," ಎಂದು ಅಜ್ಜಿ ಒಪ್ಪಿದಳು.

ಒಪ್ಪಿಗೆ ಜಗಲಿಯವರೆಗೆ ಮಾತ್ರ. ನಮಗೆಲ್ಲ ಹಿತ್ತಾಳೆ ಲೋಟ; ಕಿರಿಸ್ತಾನರ ಟೀಚರಿಗೆಂದು ಅಜ್ಜಿ ಸಂತೆಯಲ್ಲಿ ಗಾಜಿನದೊಂದನ್ನು ಕೊಂಡು ತಂದು ಜಗಲಿಯ ಗೂಡಿನಲ್ಲಿ ಲಾಟೀನಿನ ಪಕ್ಕ ಇಟ್ಟಿದ್ದಳು. ಕುಡಿದಾದ ಮೇಲೆ ಟೀಚರು ದಾಸವಾಳದ ಬುಡದಲ್ಲಿ ಕೂತು ಅದನ್ನು ತಾವೇ ತೊಳೆಯುವರು, ನಾನು ಚೊಂಬಿನಿಂದ ನೀರು ಹೊಯ್ಯುವೆ, ಅವರು ಗೂಡಿನಲ್ಲಿ ಕವುಚಿಟ್ಟು ಹೋಗುವರು.

"ನನಗೇ ಅಂತ ಲೋಟ ಇಟ್ಟಿದ್ದೀರಲ್ಲಾ ಅಜ್ಜೀ! ನನ್ ಸೊಸೇನೂ ಇಷ್ಟು ಮರ್ಯಾದೆ ಕೊಡಲ್ಲ," ಎಂದು ಒಮ್ಮೆ ನಕ್ಕಿದ್ದರು. ಅಜ್ಜಿಯೂ ನಕ್ಕಳು. ಅವರಿಗೆ ಏನೂ ಗೊತ್ತಿಲ್ಲವೆಂದು ನಂಬುವುದು ನನಗೆ ಅನುಕೂಲವಾಗಿತ್ತು.

ಬಸ್ ಟಿಕೆಟ್ಟನ್ನು ಸುರುಳಿ ಸುತ್ತಿ ಉಂಗುರದ ಸಂದಿಗೆ ಸಿಕ್ಕಿಸಿಕೊಂಡೇ ಅವರು ಪಾಠ ಮಾಡುತ್ತಿದ್ದರು. ಕೆಲವು ಉಚ್ಚಾರಣೆಗಳಿಗೆ ತುಟಿಯನ್ನು ಚೂಪು ಮಾಡಬೇಕು, ನನಗೆ ನಾಚಿಕೆ. "ದೀಪ ಆರಿಸೋ ಹಾಗೆ ಮಾಡಮ್ಮಾ! ಬಾಯಿ ಯಾಕೆ ಅಷ್ಟಗಲ? ಮುದ್ದೆ ನುಂಗ್ತಿದ್ದೀಯಾ?" ಎನ್ನುತ್ತಿದ್ದರು. ಆ ಭಾಷೆಯಲ್ಲಿ ಪ್ಲ್ಯುಸ್‌ಕಪಾರ್ಫೆ ಎಂಬ ಒಂದು ಭೂತಕಾಲವಿದೆ, ನಮ್ಮ 'ಬಂದಿದ್ದೆ', 'ಹೋಗಿದ್ದೆ'ಗಳ ಹಾಗೆ. ಅದನ್ನು ಕಲಿಸುವಾಗ ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ನೆನ್ನೆಗೂ ಹಿಂದೆ ಒಂದು ನೆನ್ನೆ ಇರುತ್ತಮ್ಮಾ. ಅದನ್ನ ಮುಚ್ಚಿಟ್ಟು ಮಾತಾಡಿದ್ರೆ ಕೇಳೋರಿಗೆ ಏನೂ ತಿಳಿಯಲ್ಲ."

ಕಾರ್ಖಾನೆಯ ಸಂದರ್ಶನ ಹತ್ತಿರವಾಗಿದ್ದ ದಿನಗಳು. ಸುಡುವ ಬಿಸಿಲಿನ ಒಂದು ಮಧ್ಯಾಹ್ನ ಚಿಕ್ಕಜಾಲದಿಂದ ನನ್ನ ಸೋದರತ್ತೆ ಬಂದಳು. ಬಾಯಾರಿದ್ದ ಅವಳು ಗೂಡಿಗೆ ಕೈಹಾಕಿ ಆ ಗಾಜಿನ ಲೋಟವನ್ನು ತೆಗೆದುಕೊಂಡಳು.

"ಅಯ್ಯೋ, ಅದ್ರಾಗ್ ಕುಡೀಬ್ಯಾಡ ಕಣೇ! ಅದು ಆ ಕಿರಿಸ್ತಾನ್ ಟೀಚರಮ್ಮನ ಎಂಜ್ಲು ಲೋಟ!" ಅಜ್ಜಿ ನಡುಮನೆಯಿಂದಲೇ ಕೂಗಿದಳು.

"ಥೂ, ಮೊದ್ಲೇ ಯೋಳ್ಬಾರ್ದೇನವ್ವಾ?" ಅತ್ತೆ ಲೋಟವನ್ನು ಕೆಂಡದಂತೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

ಮೆಟ್ಟಿಲ ಬಳಿ ಟೀಚರು ಕೊಡೆ ಮಡಚುತ್ತಿದ್ದರು.

ಅವರು ಎಂದಿನ ಜಾಗದಲ್ಲೇ ಕೂತರು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದರು, ತುಟಿಯ ಅಂಚು ಒಣಗಿ ಬೆಳ್ಳಗಾಗಿತ್ತು. ನಾನು ಕಾಫಿ ತಂದೆ.

"ಬೇಡಮ್ಮಾ. ಮನೇಲೇ ಕಾಫಿ ಕುಡಿದಿದ್ದೆ," ಎಂದರು. ಉಂಗುರದ ಸಂದಿಯ ಟಿಕೆಟ್ಟನ್ನು ಸರಿಮಾಡಿಕೊಂಡು, "ಸರಿ, ಇವತ್ತು ಅದನ್ನೇ ತಗೋ. ಕುಡಿದಿದ್ದೆ. ಹೇಳು," ಎಂದರು.

ಅವರು ಕುಡಿದಿರಲಿಲ್ಲವೆಂದು ನನಗೆ ಗೊತ್ತಿತ್ತು. ಅಜ್ಜಿಯನ್ನು ಎದುರಿಸಿದರೆ ಪಾಠ ನಿಲ್ಲುತ್ತದೆ, ಪಾಠ ನಿಂತರೆ ಕೆಲಸ ಹೋಗುತ್ತದೆ ಎಂಬುದೂ ಗೊತ್ತಿತ್ತು. ನಾನು ಹೇಳತೊಡಗಿದೆ. ಜಾವೆ ಬ್ಯು, ಕುಡಿದಿದ್ದೆ. ತ್ಯು ಆವೆ ಬ್ಯು, ಕುಡಿದಿದ್ದೆ ನೀನು. ಎಲ್ ಆವೆ ಬ್ಯು, ಅವಳು ಕುಡಿದಿದ್ದಳು. ನಾವು, ನೀವು, ಅವರು, ಎಲ್ಲವನ್ನೂ ಹೇಳಿದೆ. ತುಟಿ ಚೂಪಾಗಬೇಕಾದಲ್ಲೆಲ್ಲ ಚೂಪಾಯಿತು.

"ತ್ರೆ ಬಿಯಾಂ," ಎಂದರು. "ಒಂದೂ ತಪ್ಪಿಲ್ಲ."

ಅಂದಿನಿಂದ ಅವರ ಕಾಫಿ ಯಾವಾಗಲೂ ಮನೆಯಲ್ಲೇ ಆಗಿರುತ್ತಿತ್ತು. ಚೀಲದಲ್ಲಿ ನೀರಿನ ಸೀಸೆಯೊಂದು ಬರತೊಡಗಿತು. ಗೇಟಿನಾಚೆ ಹುಣಸೆಮರದ ಕೆಳಗೆ ನಿಂತು ಕುಡಿದು, ಬಾಯಿ ಒರೆಸಿಕೊಂಡು ಒಳಗೆ ಬರುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ನೋಡಿ, ಪುಸ್ತಕ ತೆಗೆದುಕೊಂಡು ಜಗಲಿಗೆ ಬರುತ್ತಿದ್ದೆ.

ಕೆಲಸ ಸಿಕ್ಕಿತು. ಪಾಠಗಳು ಮುಗಿದವು. ಅವರ ಕ್ವಾರ್ಟರ್ಸು ಕಾರ್ಖಾನೆಯ ಗೇಟಿಗೆ ಕಾಣುವಷ್ಟು ಹತ್ತಿರವಿತ್ತು. ಹೋಗಿ ಏನೆಂದು ಮಾತಾಡಲಿ ಎಂದುಕೊಳ್ಳುತ್ತ ದಿನ ತಳ್ಳಿದೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರ ಮಗ ನಮ್ಮ ಅನುವಾದದ ಕೋಣೆಯ ಬಾಗಿಲಲ್ಲಿ ಬಂದು ನಿಂತರು. "ಅಮ್ಮ ಹೋಗ್ಬಿಟ್ರು ಮೇಡಂ. ಗೇಟ್ ಹತ್ರ ಯಾರ್ ಸಿಕ್ಕಿದ್ರೂ ಹೇಳೋರು, ನನ್ ಸ್ಟೂಡೆಂಟು ಒಳಗೆ ಕೂತು ಕೆಲಸ ಮಾಡ್ತಾಳೆ ಅಂತ."

ಅಂದೇ ಸಂಜೆ ಮಣ್ಣು ಮಾಡಿದರು. ಆಮೇಲೆ ಅವರ ಮನೆಯಲ್ಲಿ ಬಂದವರಿಗೆಲ್ಲ ಕಾಫಿ ಕೊಟ್ಟರು, ಕೈಗೆ ಸಿಕ್ಕ ಲೋಟ, ಕಪ್ಪುಗಳಲ್ಲಿ. ನನಗೊಂದು ನೀಲಿ ಕಪ್ಪು ಬಂತು. ಕುಡಿದು, ಅದನ್ನು ತೊಳೆಯಲು ನಲ್ಲಿಯತ್ತ ಎದ್ದೆ. ಸೊಸೆ ಅಳುತ್ತಿದ್ದವರು ಓಡಿ ಬಂದು ಕಸಿದುಕೊಂಡರು.

"ಅಯ್ಯೋ, ನೀವ್ಯಾಕೆ ತೊಳೀತೀರಾ? ಕೊಡಿ ಇಲ್ಲಿ. ಅತ್ತೆ ಇದ್ದಿದ್ರೆ ನನ್ನ ಸುಮ್ನೆ ಬಿಡ್ತಿದ್ರಾ?"

ಮರುದಿನ ಬೆಳಿಗ್ಗೆ ಜಗಲಿಗೆ ಹೋದೆ. ಗೂಡಿನಲ್ಲಿ ಲೋಟ ಕವುಚಿದ ಹಾಗೇ ಇತ್ತು, ತಳದ ಮೇಲೆ ಧೂಳು. ದಾಸವಾಳದ ಬುಡದಲ್ಲಿ ತೊಳೆದು ಅಡುಗೆಮನೆಗೆ ತಂದು, ಒಲೆಯ ಪಕ್ಕದ ಹಿತ್ತಾಳೆ ಲೋಟಗಳ ಸಾಲಿನಲ್ಲಿಟ್ಟೆ.

"ಇದ್ಯಾಕೆ ಒಳಗ್ ತಂದೆ? ಅದು ಟೀಚರಮ್ಮಂದಲ್ವೇನೇ?" ಎಂದಳು ಅಜ್ಜಿ.

"ಹೌದು. ನನಗೆ ಇದ್ರಲ್ಲೇ ಹಾಕು."

ಅವಳು ನನ್ನ ಮುಖ ನೋಡಿದಳು. ಕಾಫಿ ಪಾತ್ರೆಯನ್ನು ಎತ್ತಲಿಲ್ಲ. ನಾನೇ ಬಗ್ಗಿಸಿಕೊಂಡೆ. ಅಲ್ಲೇ, ಅವಳೆದುರಿಗೇ ಕೂತು, ಹೆಬ್ಬೆರಳಿನಿಂದ ಆ ಮುಕ್ಕಾದ ಜಾಗವನ್ನು ಹುಡುಕಿ, ಆಚೆಗೆ ತಿರುಗಿಸಿಕೊಂಡು ಕುಡಿದೆ.