ಹೊಸ ವೈನಿಗೆ ನಮ್ಮ ಸೋದರಮಾವ ಇಟ್ಟ ಹೆಸರು

ವೈಟ್ ವೈನು ಈಗ ಬೆಳ್ಳಗಿದ್ದರೆ ಮರ್ಯಾದೆ ಇಲ್ಲವಂತೆ ಸ್ನೇಹಿತರೇ. ಇವತ್ತು ಬೆಳಿಗ್ಗೆ ತಾನೇ ತಿಳಿಯಿತು.

ಸ್ಕಂದಗಿರಿ ಕಡೆಯ ಒಂದು ವೈನರಿಯಲ್ಲಿ ರುಚಿ ನೋಡುವ ಕಾರ್ಯಕ್ರಮವಿತ್ತು. ಅವರಿಗೆ ದ್ರಾಕ್ಷಿ ಹಾಕುವ ಶಿಡ್ಲಘಟ್ಟದ ನಮ್ಮ ಸೋದರಮಾವ ಮುನಿಶಾಮಪ್ಪನವರನ್ನೂ ಕರೆದಿದ್ದರು. ಜೊತೆಗೆ ನಾನೂ ಹೋದೆ.

ಮ್ಯಾನೇಜರ್ ಮಹಾಶಯ ಗ್ಲಾಸು ಎತ್ತಿ ಹಿಡಿದ. ಒಳಗೆ ಹಳೆ ಜೇನಿನ ಬಣ್ಣ. "ಮಾಮೂಲಿ ವೈಟ್ ವೈನಿಗೆ ಸಿಪ್ಪೆ ಬೇರೆ ಮಾಡ್ಬಿಡ್ತೀವಿ. ಇದ್ರಲ್ಲಿ ಬಿಳಿ ದ್ರಾಕ್ಷಿ ರಸಾನ ಸಿಪ್ಪೆ ಜೊತೇನೇ ವಾರಗಟ್ಟಲೆ ಬಿಟ್ಟಿದೀವಿ. ಆರೆಂಜ್ ಅಂತಾರೆ, ಆಂಬರ್ ಅಂತಾರೆ, ಸ್ಕಿನ್ ಕಾಂಟ್ಯಾಕ್ಟ್ ಅಂತಾನೂ ಅಂತಾರೆ. ನಮ್ಗೊಂದು ಲೋಕಲ್ ಹೆಸರು ಬೇಕು, ಹೇಳಿ."

ಬೆಂಗಳೂರಿನಿಂದ ಬಂದಿದ್ದವರು 'ಸಂಧ್ಯಾ', 'ಕಾವಿ', 'ಹೊನ್ನು' ಎಂದೆಲ್ಲ ಕೂಗಿದರು.

ಮಾವ ಗ್ಲಾಸು ಮೂಸಿ ನೋಡಿದರು. "ಅಲ್ಲಪ್ಪ, ಹೋದ್ ವರ್ಷ ದಾರೀಲಿ ಟೆಂಪೋ ಕೆಟ್ಟು, ಕ್ರೇಟಲ್ಲೇ ಹಣ್ಣು ಒಡೆದು, ರಸ ಸಿಪ್ಪೇಲಿ ನೆಂದು ಇದೇ ಬಣ್ಣಕ್ಕೆ ತಿರುಗಿತ್ತಲ್ಲ? ಒಂದು ಲೋಡು ಪೂರ್ತಿ ತಿಪ್ಪೆಗೆ ಸುರಿದೆನಲ್ಲಪ್ಪ!"

"ಅದು ಡಿಫೆಕ್ಟು, ಯಜಮಾನ್ರೇ. ಇದು ಸ್ಟೈಲು."

"ಹಂಗಾದ್ರೆ 'ವಾಪಸ್' ಅಂತ ಇಡಪ್ಪ. ಅವತ್ತು ನನ್ನ ಲೋಡಿನ ಚೀಟಿ ಮೇಲೆ ನೀನೇ ಬರೆದಿದ್ದೆ."

ಹಿಂದಿನ ಸಾಲಿನಿಂದ ಯಾರೋ "ವಾವ್, ಹೆಸರು ಎಷ್ಟು ರಾ ಆಗಿದೆ, ಎಷ್ಟು ಒರಿಜಿನಲ್!" ಎಂದು ಚಪ್ಪಾಳೆ ತಟ್ಟಿದರು. ಮಾವ ತುಟಿಗೂ ತಾಗಿಸದ ಗ್ಲಾಸನ್ನು ಮ್ಯಾನೇಜರ್ ಕೈಗೇ ಕೊಟ್ಟು ಎದ್ದರು.

ಅದೂ ವಾಪಸ್.