ಹುಲಿಗೆಪ್ಪನ ಅಡ್ಡಾದಿಡ್ಡಿ ಎಣಿಕೆ

ಪುಣೆಯ ಪೇಠೆಯೊಂದರ ಆ ಕಾಮರ್ಸ್ ಕಾಲೇಜಿನಲ್ಲಿ ಐದು ಜನ ಪ್ರಿನ್ಸಿಪಾಲರು ಬಂದು ಹೋದರು, ಸಿಪಾಯಿ ಹುಲಿಗೆಪ್ಪ ಮಾತ್ರ ಅಲ್ಲಾಡಲಿಲ್ಲ. ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಕಾಲೇಜಿನ ಕಂಪೌಂಡು ಕಟ್ಟಿ, ಕಟ್ಟಿ ಮುಗಿದ ಮೇಲೆ ಹೊರಗೆ ಹೋಗಲು ಮನಸ್ಸಾಗದೆ ಒಳಗೇ ಉಳಿದುಕೊಂಡ ಆಸಾಮಿ. ಚಹಾ ತರುವುದು, ಗಂಟೆ ಹೊಡೆಯುವುದು ಯಾವ ಸಿಪಾಯಿಯಾದರೂ ಮಾಡಿಯಾನು. ಆದರೆ ಪರೀಕ್ಷೆಯ ದಿನ ಬೆಳಗ್ಗೆ ಬೆಂಚುಗಳ ಮೇಲೆ ಸೀಮೆಸುಣ್ಣದಿಂದ ಸೀಟ್ ನಂಬರು ಬರೆಯುವ ಅಧಿಕಾರ ಹುಲಿಗೆಪ್ಪನೊಬ್ಬನದು. ಬೇರೆಯವರು ಸೀಮೆಸುಣ್ಣ ಮುಟ್ಟಿದರೆ, ತನ್ನ ತಾಟಿಗೇ ಕೈ ಹಾಕಿದರೇನೋ ಎಂಬಷ್ಟು ಸಿಟ್ಟು ಅವನಿಗೆ.

ಇಂಥವನು ೨೦೦೩ರ ಏಪ್ರಿಲ್‌ನಲ್ಲಿ ಎಣಿಸುವುದನ್ನೇ ಮರೆತನೆಂದು ಸುದ್ದಿಯಾಯಿತು. ಮರೆತಿರಲಿಲ್ಲ, ಬದ್ಮಾಶ.

ವಿಷಯ ಹೀಗಿತ್ತು. ಹೋಟೆಲ್ ಸಂಕಪ್ಪನವರ ಮಗಳು ಯಶ್ಮಿತಾ ಬಿ.ಕಾಂ. ಮೊದಲ ವರ್ಷದಲ್ಲೇ ಎರಡನೇ ಸಲ ಕೂತಿದ್ದಳು. ಮಾತು ಕಡಿಮೆ, ಲೆಕ್ಕದಲ್ಲಿ ಮಾಸ್ತರರನ್ನೇ ತಿದ್ದುವಷ್ಟು ಚುರುಕು. ಹದಿನಾಲ್ಕನೇ ಕೋಣೆಯಲ್ಲಿ ಕಿಟಕಿ ಪಕ್ಕದ ಮೂರನೇ ಬೆಂಚು ಅವಳದು. ಅಲ್ಲಿ ಕೂತರೆ ಜಗತ್ತು ಸರಿಯಿರುತ್ತಿತ್ತು, ಬೇರೆ ಕಡೆ ಕೂರಿಸಿದರೆ ಕೈಯೇ ಏಳುತ್ತಿರಲಿಲ್ಲ. ಡಾಕ್ಟರು ಇದಕ್ಕೆ ಆಟಿಸಂ ಅಂದಿದ್ದರು, ಕಾಲೇಜಿನವರು ಹಟ ಅಂದರು. ಹಿಂದಿನ ವರ್ಷ ಪರೀಕ್ಷೆಯಲ್ಲಿ ಅವಳ ನಂಬರು ಕೋಣೆಯ ನಟ್ಟನಡುವಿನ ಬೆಂಚಿಗೆ ಬಿದ್ದಿತ್ತು. ಮೂರು ಗಂಟೆ ಪೆನ್ನಿನ ಮುಚ್ಚಳವನ್ನೂ ತೆಗೆಯದೆ ಕೂತು ಎದ್ದುಬಂದಿದ್ದಳು.

ತಾಯಿ ಕುಸುಮ ಈ ಸಲ ಅದೇ ಬೆಂಚು ಕೊಡಿರೆಂದು ಮುಂಚಿತವಾಗಿ ಅರ್ಜಿ ಕೊಟ್ಟರು. ಪರೀಕ್ಷೆಯ ಮುಖ್ಯಸ್ಥ ಅಪ್ಪಾಸಾಹೇಬರು ಗಡಿನಾಡು ಜತ್ತದ ಕಡೆಯವರು, ನಿಯಮವನ್ನು ಊಟಕ್ಕೆ ಉಪ್ಪಿನಕಾಯಿಯಂತೆ ನೆಕ್ಕುವ ಮನುಷ್ಯ. "ಅವಕಾಶವಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು.

ಕುಸುಮ ಆ ಕಾಗದ ಹಿಡಿದು ವರಾಂಡದಲ್ಲಿ ನಿಂತಿದ್ದನ್ನು ಹುಲಿಗೆಪ್ಪ ನೋಡಿದ.

"ಈ ಸಲವೂ ಫೇಲಾದ್ರೆ ಕಾಲೇಜು ಬಿಡಿಸಿ ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ ಕೂರಿಸ್ತೇನೆ ಅಂತಾರೆ ಇವಳಪ್ಪ" ಎಂದರು ಆಕೆ. "ತಟ್ಟೆ ಲೋಟದ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಹುಡುಗಿ ಮಾರಾಯ್ರೆ. ಅಲ್ಲಿ ಒಂದು ದಿನ ಕೂತಾಳಾ?"

"ನೀವು ಮನೀಗೆ ಹೋಗ್ರಿ ಅಕ್ಕಾರ" ಎಂದ ಹುಲಿಗೆಪ್ಪ. "ನಾ ಒಂದೀಟು ಲೆಕ್ಕ ಮಾಡಿ ನೋಡ್ತೀನಿ."

ಲೆಕ್ಕ ಸರಳವಾಗಿತ್ತು. ನಂಬರುಗಳು ಒಂದರ ಮುಂದೊಂದು ಅನುಕ್ರಮವಾಗಿ ಬರಬೇಕು, ಸರಿ. ಆದರೆ ಶುರು ಎಲ್ಲಿಂದ? ಪ್ರತಿ ಪೇಪರಿಗೂ ಕೋಣೆಗೆ ಬರುವವರ ಪಟ್ಟಿ ಬೇರೆ. ಹುಲಿಗೆಪ್ಪ ಪಟ್ಟಿಯಲ್ಲಿ ಯಶ್ಮಿತಾ ಎಷ್ಟನೆಯವಳೆಂದು ನೋಡುವುದು, ಅವಳ ಬೆಂಚಿನಿಂದ ಹಿಂದಕ್ಕೆ ಎಣಿಸುತ್ತ ಹೋಗುವುದು, ಎಣಿಕೆ ಎಲ್ಲಿ ಮುಗಿಯುತ್ತದೋ ಅಲ್ಲೇ ಮೊದಲ ನಂಬರು ಬರೆಯುವುದು. ನಂಬರಿನ ಸಾಲು ಒಂದು ದಿನ ಬಾಗಿಲಿನಿಂದ, ಮರುದಿನ ಹಿಂದಿನ ಗೋಡೆಯಿಂದ, ಮೂರನೆಯ ದಿನ ಹಾವಿನಂತೆ ಹರಿದು, ನಾಲ್ಕನೆಯ ದಿನ ನಡುಮಧ್ಯದಿಂದ ಹೊರಟು ಚಕ್ಕುಲಿ ಸುತ್ತಿದಂತೆ ಸುತ್ತಿತು. ಮೂವತ್ತೊಂಬತ್ತು ಮಕ್ಕಳು ನಂಬರು ಹುಡುಕುತ್ತ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಹುಲಿಗೆಪ್ಪನ ವಂಶೋದ್ಧಾರ ಮಾಡುತ್ತಿದ್ದರು. ಒಬ್ಬಳು ಮಾತ್ರ ನೇರ ಬಂದು ಕೂತು ಪೆನ್ನು ತೆಗೆಯುತ್ತಿದ್ದಳು. ಅದನ್ನು ಬಾಗಿಲ ಸಂದಿಯಿಂದ ನೋಡುವಾಗ ಹುಲಿಗೆಪ್ಪನಿಗೆ ಆಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ.

ಚಕ್ಕುಲಿಯೇ ಅವನನ್ನು ಹಿಡಿದುಕೊಟ್ಟಿತು. ಉತ್ತರಪತ್ರಿಕೆಗಳನ್ನು ಅನುಕ್ರಮವಾಗಿ ಒಟ್ಟುಮಾಡಲು ಹೋದ ಮೇಲ್ವಿಚಾರಕರು ಕೋಣೆಯಲ್ಲಿ ಗರಗರ ತಿರುಗಿ, ತಲೆ ಸುತ್ತಿ ಬಂದು ದೂರು ಕೊಟ್ಟರು. ಅಪ್ಪಾಸಾಹೇಬರು ನಾಲ್ಕೂ ದಿನದ ನಕ್ಷೆ ತರಿಸಿ ಮೇಜಿನ ಮೇಲೆ ಹರಡಿದರು. ಎಲ್ಲ ನಂಬರೂ ಜಾಗ ಬದಲಿಸಿದ್ದವು, ಒಂದರ ಹೊರತು.

"ಲೇ ಹುಲಿಗೆಪ್ಪ, ಇದು ನಿಂದss ಕಿತಾಪತಿ ಹೌದಿಲ್ಲೋ?"

"ಹೌದ್ರಿ ಸಾಹೇಬ್ರ."

"ನೌಕರಿ ಹೋಗ್ತದ, ಗೊತ್ತದ ಏನು?"

"ಗೊತ್ತದರಿ." ಆದರೂ ಹುಲಿಗೆಪ್ಪ ಅಂದ, "ಹೋದ ವರ್ಷ ಆ ಹುಡುಗಿ ಖಾಲಿ ಪೇಪರ್ ಕಟ್ಟಿನ್ಯಾಗ ಕಟ್ಟಿದಾಂವ ನಾನss ರೀ. ಈ ಸಲ ಮತ್ತ ಹಂಗ ಕಟ್ಟಾಕ ಕೈ ಬರಲಿಲ್ಲ ನೋಡ್ರಿ. ಇವತ್ತಿಂದೂ ಇಲ್ಲೇ ಅದ, ಒಮ್ಮೆ ನೋಡ್ರಿ."

ಅಪ್ಪಾಸಾಹೇಬರು ನೋಡಿದರು. ಪತ್ರಿಕೆ ತುಂಬಿ, ದಾರದಿಂದ ಕಟ್ಟಿದ ನಾಲ್ಕು ಪುರವಣಿಗಳೂ ತುಂಬಿದ್ದವು. ಹುಲಿಗೆಪ್ಪನ ಮುಂದೆ ಕೈ ಚಾಚಿದರು. ಅವನು ಜೇಬಿನಿಂದ ಸೀಮೆಸುಣ್ಣ ತೆಗೆದುಕೊಟ್ಟ.

"ನಾಳೆ ನಾನ ಬರೀತೀನಿ. ನೀ ನೀರಿನ ಡ್ಯೂಟಿ ಮಾಡು."

ಮರುದಿನ ಕೊನೆಯ ಪೇಪರು, ಅಕೌಂಟ್ಸ್. ಹುಲಿಗೆಪ್ಪ ನೀರಿನ ಕೊಡ ಹಿಡಿದು ವರಾಂಡದಲ್ಲಿ ಅಲೆಯುತ್ತಿದ್ದ, ಅರ್ಧ ನೀರು ಅವನ ಪ್ಯಾಂಟಿನ ಮೇಲೆಯೇ ಚೆಲ್ಲಿತ್ತು. ಗೇಟಿನ ಬಳಿ ಕುಸುಮ ಮಗಳ ಕೈ ಹಿಡಿದು ನಿಂತು ಅವನತ್ತ ನಕ್ಕರು. ಅವನು ಕಂಡೂ ಕಾಣದಂತೆ ತಿರುಗಿಕೊಂಡ. ನಾಲ್ಕು ಪೇಪರು ಬರೆಸಿ ಐದನೆಯದರಲ್ಲಿ ಕೈಬಿಟ್ಟರೆ ಫೇಲು ಫೇಲೇ ತಾನೆ. ಅವನಿಗೆ ಅಳುವೇ ಬಂದಿತ್ತು.

ಹದಿನಾಲ್ಕನೇ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಏನೋ ಉಜ್ಜುವ ಸದ್ದು, ಗೊಣಗುವ ಸದ್ದು. ಆಮೇಲೆ ಬಾಗಿಲು ಗೇಣಗಲ ತೆರೆದು ಅಪ್ಪಾಸಾಹೇಬರ ಮುಖ ಕಂಡಿತು. ಮೂಗಿನ ಮೇಲೆ ಸುಣ್ಣ, ಕೋಟಿನ ತೋಳೆಲ್ಲ ಬಿಳಿ. ಹಿಂದೆ ಬೆಂಚುಗಳ ಮೇಲೆ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿದ ಕಲೆಗಳು.

"ನಿನ್ನೆ ನಿಯಮದ ಪುಸ್ತಕ ಪೂರಾ ಓದಿದೆ. ಎಲ್ಲಿಂದ ಸುರು ಮಾಡ್ಬೇಕು ಅಂತ ಅದರಾಗ ಎಲ್ಲೂ ಇಲ್ಲ" ಎಂದರು ದನಿ ತಗ್ಗಿಸಿ. "ಬಾಗಿಲದಿಂದ ಎಣಿಸಿದ್ರ ಆಕಿ ಗ್ವಾಡಿಗೆ ಹೋಗ್ತಾಳ, ಕಿಟಕಿಯಿಂದ ಎಣಿಸಿದ್ರ ಬಾಗಿಲಕ್ಕ ಬರ್ತಾಳ. ಒಂದ ತಾಸಾತು, ಕೂಡವಲ್ದು. ಒಳಗ ಬಾರೋ ಮಾರಾಯಾ, ಹೆಂಗ ಮಾಡ್ತಿದ್ದಿ ತೋರಿಸು."

ಹುಲಿಗೆಪ್ಪ ಕೊಡವನ್ನು ಅಲ್ಲೇ ಇಟ್ಟು ಒಳಗೆ ನುಗ್ಗಿದ. ಪರೀಕ್ಷೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.